ಸೀಮೆಸುಣ್ಣದ ಗುರುತು

ನಮ್ಮ ಸಾರ್ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕೆಂಪಗೇ ಇರುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಬಣ್ಣ. ಸುಂಕದಕಟ್ಟೆಯ ಒಂದು ಶೆಡ್ಡಿನಲ್ಲಿ ಅವರು ಪೈಪು ಪರೀಕ್ಷೆ ಮಾಡುತ್ತಿದ್ದರು, ನಾನು ಕಸ ಗುಡಿಸಿ ಪೈಪು ಒರೆಸುತ್ತಿದ್ದೆ. ಎಣ್ಣೆಬಾವಿ ಕೊರೆದು ಸವೆದ ಪೈಪುಗಳು ಲಾರಿಯಲ್ಲಿ ಬರುತ್ತಿದ್ದವು.

ಸಾರ್ ಪೈಪಿನ ತುದಿಗೆ ಕೆಂಪು ಬಣ್ಣ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಹಾಕಿ ಕಾಯುತ್ತಿದ್ದರು. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡುತ್ತಿತ್ತು. ಅದನ್ನು ಭೂತಗನ್ನಡಿಯಲ್ಲಿ ನೋಡಿ ಅಳೆದು, ಇನ್ನೆಷ್ಟು ಸುತ್ತು ತಿರುಗಿದರೆ ಪೈಪು ಮುರಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು.

"ಏನ್ ಸಾರ್, ಪೈಪಿಗೂ ಜಾತಕ ಬರೀತೀರಾ?"

"ಕಬ್ಬಿಣಾನೂ ತಿರುಗಿ ತಿರುಗಿ ಸುಸ್ತಾಗುತ್ತೆ ಕಣ್ರಮ್ಮ, ನಿಮ್ಮ ಮಂಡಿ ತರ. ಬನ್ನಿ, ನಿಮ್ಮ ಕಣ್ಣು ಚುರುಕು. ಈ ಗೆರೆ ಎಲ್ಲಿ ಮುಗಿಯುತ್ತೆ ಹೇಳಿ."

ನಾನು ತೋರಿಸುತ್ತಿದ್ದೆ. ಶೆಡ್ಡಿನಲ್ಲಿ ನನ್ನನ್ನು 'ನೀವು' ಅಂದವರು ಅವರೊಬ್ಬರೇ.

ಆ ಸಲ ಆಯುಧಪೂಜೆಯ ಹಿಂದಿನ ದಿನ ಒಂದು ಪೈಪಿಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದರು. "ಇದು ಹೋಗ್ಬಾರ್ದು. ರಜೆ ಮುಗಿಸ್ಕೊಂಡು ಬಂದು ಪೇಂಟ್ ಹೊಡೀತೀನಿ" ಅಂದರು.

ಬೆಳಿಗ್ಗೆ ನಾನು ಎಲ್ಲ ಪೈಪುಗಳನ್ನೂ ತೊಳೆದೆ. ಅದನ್ನೂ ತೊಳೆದೆ. ಗುರುತಿನ ಅರ್ಥ ಗೊತ್ತಿತ್ತು. ಹಬ್ಬದ ದಿನ ಗಲೀಜು ಕಾಣಬಾರದು, ಸಾರ್ ಪರೀಕ್ಷೆಯ ಪುಸ್ತಕದಲ್ಲೂ ಬರೆದಿರುತ್ತಾರಲ್ಲ ಅಂದುಕೊಂಡೆ. ಉಳಿದ ಪೈಪುಗಳಿಗೆ ಮಾಡಿದ ಹಾಗೇ, ಗುರುತಿದ್ದ ಜಾಗಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದು ಕುಂಕುಮ ಇಟ್ಟೆ. ಪೂಜೆ ಮುಗಿದ ಮೇಲೆ ಓನರು, "ಒಳ್ಳೇ ದಿನ, ಲೋಡ್ ಕಳಿಸಿಬಿಡಿ" ಅಂದರು. ಪುಸ್ತಕ ಯಾರೂ ತೆಗೆದು ನೋಡಲಿಲ್ಲ. ನಾನೂ ಬಾಯಿಬಿಡಲಿಲ್ಲ.

ಸಾರ್ ರಜೆ ಮುಗಿಸಿ ಬರುವಷ್ಟರಲ್ಲಿ ಆ ಪೈಪು ಬಾವಿಯೊಳಗೇ ಮುರಿದಿತ್ತು. ಯಾರೂ ಸಾಯಲಿಲ್ಲ, ಬಾವಿ ಹಾಳಾಯಿತು.

"ಗುರುತು ಹಾಕಿದ್ರೇನ್ರೀ?" ಓನರು ಕೂಗಾಡಿದರು.

ಸಾರ್ ಬಾಯಿ ತೆರೆದರು. ಶೆಡ್ಡಿನಲ್ಲಿ ಉಳಿದಿದ್ದ ಪೈಪುಗಳ ಕುಂಕುಮ ನೋಡಿದರು, ನನ್ನ ಕಡೆ ನೋಡಿದರು.

"ಇಲ್ಲ ಸಾರ್. ಮರೆತೆ."

ಭೂತಗನ್ನಡಿ ಜೇಬಿಗಿಟ್ಟುಕೊಂಡು ಹೊರಟುಹೋದರು. ನಾನು ಪೊರಕೆ ಹಿಡಿದು ನಿಂತಿದ್ದೆ. ಕೆಲಸ ಉಳಿಯಿತು, ಇನ್ನೂ ಆರು ವರ್ಷ ಮಾಡಿದೆ. ಅವರನ್ನು ಮತ್ತೆ ಯಾರೂ ಪೈಪಿನ ಕೆಲಸಕ್ಕೆ ಕರೆಯಲಿಲ್ಲ.

ಹೋದ ತಿಂಗಳು ತೀರಿಕೊಂಡರು. ನಾಗರಬಾವಿಯ ಮನೆಗೆ ಹೋಗಿದ್ದೆ. ಹೆಂಡತಿ ಕಾಫಿ ಕೊಟ್ಟು, "ಅದೊಂದು ದಿನ ಹೇಗೆ ಮರೆತ್ರೋ ಗೊತ್ತಿಲ್ಲ ಅಜ್ಜಿ. ಕೇಳಿದ್ರೆ ಸುಮ್ಮನೆ ನಗೋರು" ಅಂದರು.

ಕಾಫಿ ಕುಡಿದು ಎದ್ದು ಬಂದೆ. ಅಲ್ಲೂ ಹೇಳಲಿಲ್ಲ. ಮೊಮ್ಮಗಳ ಹತ್ತಿರ ಅಕ್ಷರ ತಿದ್ದಿಸಿಕೊಂಡು ಇಲ್ಲಿ ಬರೆಯುತ್ತಿದ್ದೇನೆ, ಆ ತಾಯಿಗೂ ಓದಲು ಕಳಿಸುತ್ತೇನೆ. ನಿಮ್ಮ ಯಜಮಾನರು ಮರೆತಿರಲಿಲ್ಲ. ಒರೆಸಿದ್ದು ನಾನು.