ಬೈಲಹೊಂಗಲದಲ್ಲಿ ಹಡೆದವಳು

ಎಪ್ಪತ್ತರ ದಶಕದಲ್ಲಿ, ಕಾದಂಬರಿಯನ್ನು ಸಿನಿಮಾ ಮಾಡುವವರ ಮೇಲೆ ನನಗೆ ಎಂಥ ಸಿಟ್ಟಿತ್ತೆಂದರೆ, ಬೈಲಹೊಂಗಲದ ಟಾಕೀಸಿಗೆ ನಾನು ಮೂಲ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ ನಾನು. ಪುಸ್ತಕದಲ್ಲಿ ನೂಲಿನ ಸೀರೆ ಉಟ್ಟವಳು ತೆರೆಯ ಮೇಲೆ ರೇಷ್ಮೆ ಉಟ್ಟು ಬಂದರೆ ಕತ್ತಲೆಯಲ್ಲೇ "ಸುಳ್ಳು!" ಎಂದು ಕೂಗುತ್ತಿದ್ದೆ. ರಾಮದುರ್ಗದಲ್ಲಿ ನೋಡಿದ ಒಂದು ಸಿನಿಮಾದಲ್ಲಂತೂ, ಕಾದಂಬರಿಯ ಮೂರನೆಯ ಅಧ್ಯಾಯಕ್ಕೇ ತೀರಿಹೋದ ಮಾವ ಕೊನೆಯಲ್ಲಿ ಮದುವೆ ಚಪ್ಪರದೊಳಗೆ ಕುಣಿಯುತ್ತಿದ್ದ. ನಿರ್ದೇಶಕನಿಗೆ ಎಂಟು ಪುಟದ ಪತ್ರ ಬರೆದೆ. ಉತ್ತರ ಬರಲಿಲ್ಲ. ಸತ್ತವರನ್ನು ಎಬ್ಬಿಸಿ ಕುಣಿಸುವವನಿಗೆ ನನ್ನ ಪತ್ರ ಓದಲು ಪುರುಸೊತ್ತು ಎಲ್ಲಿಂದ ಬರಬೇಕು?

ಡಾಕ್ಯುಮೆಂಟರಿಗಳ ಬಗ್ಗೆಯೂ ನನ್ನ ಅಭಿಪ್ರಾಯ ಗಟ್ಟಿಯಾಗಿತ್ತು. ಪ್ರತಿ ಆಟದ ಮೊದಲು ಸರ್ಕಾರದ್ದೊಂದು ತೋರಿಸಲೇಬೇಕಿತ್ತು: ಒಮ್ಮೆ ಅಣೆಕಟ್ಟು, ಒಮ್ಮೆ ಸೀಮೆ ಹೋರಿ, ಒಮ್ಮೆ ಗೊಬ್ಬರ. ಯಾವುದೇ ಇರಲಿ, ಅದೇ ಗಂಟಲು, ಅದೇ ತುತ್ತೂರಿ. ಅದರಲ್ಲಿ ಎಲ್ಲರೂ ನಗುತ್ತಿದ್ದರು. ಹೋರಿ ಕೂಡ ತೃಪ್ತಿಯಿಂದಿರುತ್ತಿತ್ತು. ತಡವಾಗಿ ಬಂದವರು ಜಾಗ ಹುಡುಕಿಕೊಳ್ಳಲಿ ಎಂದು ಸರ್ಕಾರ ಮಾಡಿಕೊಟ್ಟ ಸವಲತ್ತು ಅದು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಇಂಥ ನಾನು ಮಾಡಿದ ಕೆಲಸ ಕೇಳಿ. ನನ್ನ ತಾಯಿಯ ಅಕ್ಕ, ದೊಡ್ಡವ್ವ, ನಮ್ಮ ಓಣಿಯಲ್ಲೇ ಇದ್ದಳು. ಅವಳ ಮಗಳು, ನನಗೆ ತಂಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಇಬ್ಬರಿಗೂ ಓದು ಬರುತ್ತಿರಲಿಲ್ಲ, ಹಾಗಾಗಿ ರವಿವಾರ ಮಧ್ಯಾಹ್ನ ನಾನು ಒಂದು ಹಳೆಯ ಕಾದಂಬರಿಯನ್ನು ಓದಿ ಹೇಳುತ್ತಿದ್ದೆ. ಅದರಲ್ಲಿಯ ಬಡ ಸೊಸೆ ಕೊನೆಗೆ ಹೆರಿಗೆಯಲ್ಲೇ ಸಾಯುತ್ತಾಳೆ. ಆ ಪುಟಕ್ಕೆ ಬಂದಾಗ ತಂಗಿಯ ಹೊಟ್ಟೆಯ ಕಡೆ ನೋಡಿದೆ. ಬಸುರಿಯ ಮುಂದೆ ಸಾವಿನ ಮಾತು ಎತ್ತಬಾರದೆಂಬುದು ನಮ್ಮಲ್ಲಿಯ ರೂಢಿ. ಓಣಿಯಲ್ಲಿ ಯಾರಾದರೂ ತೀರಿಕೊಂಡರೂ ಅವಳಿಗೆ "ಊರಿಗೆ ಹೋಗ್ಯಾರ" ಎಂದೇ ಹೇಳುತ್ತಿದ್ದರು. ಪುಟದ ಮೇಲೆ ಕಣ್ಣಿಟ್ಟುಕೊಂಡೇ ನಾನು ಬೇರೆಯದನ್ನು ಓದಿದೆ. ಸೊಸೆ ಸುಖವಾಗಿ ಹಡೆದಳು. ಅವಳಿ ಮಕ್ಕಳು. ಅತ್ತೆ ಊರಿಗೆಲ್ಲ ಸಕ್ಕರೆ ಹಂಚಿದಳು.

ದೊಡ್ಡವ್ವ ಸಂತೋಷಕ್ಕೆ ಅತ್ತಳು. ಅಷ್ಟಕ್ಕೇ ನಿಂತಿದ್ದರೆ ನಾನು ಬದುಕುತ್ತಿದ್ದೆ. ಆದರೆ ಹಪ್ಪಳ ಒಣಹಾಕುತ್ತ, ನೀರು ಸೇದುತ್ತ ಅವಳು ಆ ಕತೆಯನ್ನು ಇಡೀ ಓಣಿಗೆ ಹೇಳಿದಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಕಾದಂಬರಿಯ ಸಿನಿಮಾ ಊರಿಗೆ ಬಂತು. ಓಣಿಯ ಹೆಂಗಸರೆಲ್ಲ ಅವಳಿ ಮಕ್ಕಳನ್ನು ನೋಡಲು ಹೊರಟು ನಿಂತರು. ತುಂಬಿದ ಬಸುರಿ ತಂಗಿ ಎಲ್ಲರಿಗಿಂತ ಮುಂದೆ.

"ಪಿಕ್ಚರ್ ಭಾಳ ಕೆಟ್ಟ ಐತಂತ, ಬ್ಯಾಡ ದೊಡ್ಡವ್ವಾ," ಎಂದೆ.

"ಕೆಟ್ಟ ಇದ್ರ ಇರ್ಲಿ. ಕೂಸುಗೋಳ್ನ ನೋಡಿ ಬರತೇವಿ," ಎಂದಳು.

ಮ್ಯಾಟಿನಿ ಆಟ. ಗಂಡಸರ ಕಡೆ ಒಂದು ತುದಿಯಲ್ಲಿ ಕೂತು, ಜೀವನದಲ್ಲಿ ಮೊದಲ ಸಲ, ಈ ನಿರ್ದೇಶಕ ಕಾದಂಬರಿಯನ್ನು ಹಾಳು ಮಾಡಿರಲಿ ದೇವರೇ ಎಂದು ಬೇಡಿಕೊಂಡೆ. ಹಾಡು ತುರುಕಿರಲಿ, ಹೆಣವನ್ನು ಬೇಕಾದರೆ ಕುಣಿಸಲಿ. ಆ ಪುಣ್ಯಾತ್ಮ ಒಂದಕ್ಷರ ಬದಲಿಸಿರಲಿಲ್ಲ. ಸೀರೆ ನೂಲಿನದೇ. ಪುಸ್ತಕದಲ್ಲಿ ಹರಿದ ಸೆರಗು ತೆರೆಯ ಮೇಲೂ ಅದೇ ಜಾಗದಲ್ಲಿ ಹರಿದಿತ್ತು. ಅಷ್ಟು ಪ್ರಾಮಾಣಿಕ ಸಿನಿಮಾವನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಕೂತಲ್ಲೇ ಬೆವತುಹೋದೆ.

ಸೊಸೆಗೆ ಬೇನೆ ಶುರುವಾಯಿತು. ಅಷ್ಟರಲ್ಲಿ ತೆರೆ ಬೆಳ್ಳಗಾಯಿತು. ಒಂದೇ ಪ್ರಿಂಟಿನಲ್ಲಿ ಕಿತ್ತೂರಿನ ಆಟವೂ ನಮ್ಮ ಆಟವೂ ನಡೆಯಬೇಕಿತ್ತು. ಅಲ್ಲಿ ಮೊದಲು ಶುರು. ಅಲ್ಲಿ ಓಡಿ ಮುಗಿದ ರೀಲುಗಳನ್ನು ಒಬ್ಬ ಹಿರಿಯ ಮನುಷ್ಯ ಡಬ್ಬಿಯಲ್ಲಿ ಹಾಕಿ ಫಟಫಟಿಯ ಮೇಲೆ ಇಲ್ಲಿಗೆ ತರುತ್ತಿದ್ದ. ಕೊನೆಯ ರೀಲು ಇನ್ನೂ ಬಂದಿರಲಿಲ್ಲ. ಜನ ಸೀಟಿ ಹೊಡೆಯತೊಡಗಿದರು. ಗದ್ದಲ ಅಡಗಿಸಲು ಆಪರೇಟರು, ಮೊದಲೇ ತೋರಿಸಬೇಕಾಗಿದ್ದು ಮರೆತಿದ್ದ ಸರ್ಕಾರದ ಡಾಕ್ಯುಮೆಂಟರಿಯನ್ನು ಹಾಕಿಬಿಟ್ಟ.

ಅದು ತಾಯಿ-ಮಕ್ಕಳ ಆರೋಗ್ಯದ ಚಿತ್ರ. ಬಿಳಿ ಆಸ್ಪತ್ರೆ, ನಗುವ ನರ್ಸಮ್ಮ. ತಕ್ಕಡಿಯಲ್ಲಿ ಗುಂಡಗಿನ ಒಂದು ಕೂಸು, ಪಕ್ಕದ ತೊಟ್ಟಿಲಲ್ಲಿ ಇನ್ನೊಂದು.

"ಹಡದ್ಲ ನೋಡ್ರವಾ!" ಎಂದು ಹೆಂಗಸರ ಕಡೆಯಿಂದ ದೊಡ್ಡವ್ವನ ದನಿ ಎದ್ದಿತು. "ನಾ ಹೇಳಿದ್ನಿಲ್ಲ, ಎರಡು!"

"ಆದ್ರ ಆಕಿ ಮಾರಿ ಬ್ಯಾರೆ ಕಾಣತೈತಲ್ಲ?" ಎಂದಳು ಒಬ್ಬಳು.

"ಹಡದ ಮ್ಯಾಲ ಮಾರಿ ಹಂಗ ಆಗತೈತಿ. ನೀ ಹಡದಾಗ ನಿನ್ನ ಮಾರಿ ನೋಡಬೇಕಿತ್ತು."

ಸರ್ಕಾರದ ಗಂಟಲು, ತಾಯಂದಿರೇ, ಮಗುವಿಗೆ ಕಾಲಕಾಲಕ್ಕೆ ಚುಚ್ಚುಮದ್ದು ಹಾಕಿಸಿರಿ ಎಂದಿತು. ಅದು ಮಾವನ ದನಿ ಎಂದು ಹೆಂಗಸರು ತೀರ್ಮಾನಿಸಿದರು. ಸಿನಿಮಾದುದ್ದಕ್ಕೂ ಸೊಸೆಯನ್ನು ಗೋಳಾಡಿಸಿದವನು ಅವನು. "ಅಂತೂ ಸುಧಾರಿಸಿದ," ಎಂದು ಒಬ್ಬಳು ಕಣ್ಣೊರೆಸಿಕೊಂಡಳು.

ತುತ್ತೂರಿ ಊದಿ ಚಿತ್ರ ಮುಗಿಯಿತು. ನಾನು ಜಿಗಿದೆದ್ದು, "ಮುಗೀತು, ನಡೀರಿ ನಡೀರಿ" ಎಂದು ನಮ್ಮವರನ್ನೆಲ್ಲ ಕುರಿ ಹೊಡೆದಂತೆ ಹೊರಗೆ ಹೊಡೆದೆ. ಗೇಟಿನಲ್ಲಿ ಸರಿಯಾಗಿ ಫಟಫಟಿ ಬಂದು ನಿಂತಿತು.

"ಎಲ್ಲಿ ಹೊಂಟ್ರಿ? ತಡೀರಿ!" ಎಂದ ಡಬ್ಬಿ ತಂದವನು, ಧೂಳು ಮೆತ್ತಿದ ಮುಖದಲ್ಲೇ. "ಇನ್ನ ಒಂದು ರೀಲ ಐತಿ. ಆಕಿ ಸಾಯೋದು ಬಾಕಿ ಐತ್ರಿ!"

ತಂಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ದೊಡ್ಡವ್ವ ಸೆರಗು ಬಿಗಿದು ಮುಂದೆ ಬಂದಳು.

"ಕಿತ್ತೂರಾಗ ಸತ್ತಿರಬೇಕು. ಬೈಲಹೊಂಗಲದಾಗ ಹಡದಾಳ, ಎಲ್ಲಾರೂ ಕಣ್ಣಾರೆ ನೋಡೇವಿ. ದಾರಿ ಬಿಡ್ರಿ."

ಅವನು ಫಟಫಟಿಯನ್ನು ಪಕ್ಕಕ್ಕೆ ಸರಿಸಿದ.

ಮನೆಗೆ ಬಂದು ತಂಗಿ ಒಳಗೆ ಅಡ್ಡಾದ ಮೇಲೆ ದೊಡ್ಡವ್ವ ನನ್ನನ್ನು ಕಟ್ಟೆಗೆ ಕರೆದಳು. "ಪುಸ್ತಕದಾಗ ಏನೈತಿ?" ಎಂದಳು. "ಸಾಯತಾಳ," ಎಂದೆ. ಬೈಯುತ್ತಾಳೆಂದು ಕಾದೆ. "ಆಕಿ ಮುಂದ ಅನಬ್ಯಾಡ," ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ಮಂಗಳವಾರ ಅವಳು ಮಗಳಿಗಾಗಿ ಹರಕೆ ಹೊತ್ತು ಸವದತ್ತಿಯ ದೇವಿಯ ಗುಡ್ಡಕ್ಕೆ ಹೋದಳು. ಹೆರಿಗೆಗೆ ಇನ್ನೂ ದಿನ ಇವೆ ಎಂದುಕೊಂಡಿದ್ದೆವು. ಅವಳು ಬಸ್ಸು ಹತ್ತಿದ್ದೇ ತಡ ತಂಗಿಗೆ ಬೇನೆ ಎದ್ದು, ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಸುದ್ದಿ ಹೇಳಿ ಕರೆತರಲು ನಾನೇ ಸವದತ್ತಿಗೆ ಓಡಿದೆ. ಗುಡ್ಡ ಇಳಿಯುತ್ತಿದ್ದವಳು ಎದುರಿಗೇ ಸಿಕ್ಕಳು.

"ದೊಡ್ಡವ್ವಾ, ಹಡದಾಳ! ಹೆಣ್ಣು! ಇಬ್ಬರೂ ಆರಾಮ ಅದಾರ!"

ಅವಳು ದೇವಿಯ ಅರಿಸಿನ-ಭಂಡಾರದ ಪೊಟ್ಟಣವನ್ನು ಸೆರಗಿಗೆ ಕಟ್ಟಿ ನನ್ನ ತೋಳು ಹಿಡಿದಳು.

"ಖರೇ ಹೇಳು ತಮ್ಮಾ. ಇದು ಆಗಿದ್ದೋ, ನೀ ಓದಿದ್ದೋ?"

ದೇವಿಯ ಆಣೆ ಹಾಕಿದೆ. ನಂಬಲಿಲ್ಲ. ಬಸ್ಸಿನಲ್ಲಿ ಕೂಸಿನ ಕೂದಲು, ಬೆರಳು, ಅಳು ಎಲ್ಲವನ್ನೂ ವರ್ಣಿಸಿದೆ. ವರ್ಣಿಸಿದಷ್ಟೂ ಅವಳು ಹೆಚ್ಚು ಅತ್ತಳು. ಚೆಂದವಿದ್ದಷ್ಟೂ ಅದು ನಾನೇ ಕಟ್ಟಿದ್ದೆಂದು ಅವಳಿಗೆ ಖಾತ್ರಿಯಾಗುತ್ತಿತ್ತು. ಬಸ್ಸಿನವರು "ಯಾವಾಗ ಹೋದ್ರವಾ?" ಎಂದು ಸಮಾಧಾನ ಮಾಡತೊಡಗಿದರು. ಕಂಡಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು ಧೈರ್ಯ ತಂದುಕೊಳ್ಳಲು ಹೇಳಿದ. ಯಾರೂ ಸತ್ತಿಲ್ಲ ಎಂದು ನಾನು ಕಿರುಚಿದೆ. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಅವರು ಮರುಗಿದರು. ನನ್ನ ಮಾತಿಗೆ ಕಿಮ್ಮತ್ತಿಲ್ಲದಂತೆ ಮಾಡಿಕೊಂಡವನು ನಾನೇ ಎಂದು ನಾಚಿಕೆಯಿಂದ ಕಣ್ಣು ತುಂಬಿತು. ಆಮೇಲೆ ಬಸ್ಸಿನಲ್ಲಿ ಇಬ್ಬರೂ ಅತ್ತೆವು.

ಆಸ್ಪತ್ರೆಯ ಬಾಗಿಲಲ್ಲಿ ಅವಳು ಒಳಗೆ ಹೋಗಲಾರದೆ ನಿಂತಳು. "ಯವ್ವಾ, ಯಾಕ ಅಳಾಕತ್ತಿ?" ಎಂದಿತು ಮಂಚದ ಮೇಲಿನಿಂದ ದನಿ. ದೊಡ್ಡವ್ವ ಹೋಗಿ ಮಗಳ ಅಂಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಬೆಚ್ಚಗಿದೆಯೇ ಎಂದು ನೋಡಿದಳು. ಕೂಸಿನದನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇನ್ನ ಮ್ಯಾಲ ಸಾಯೋರನ್ನ ಸಾಯಾಕ ಬಿಡು ತಮ್ಮಾ," ಎಂದಳು. "ಬದುಕಿದೋರು ಬದುಕ್ಯಾರ ಅಂದ್ರ ನಾ ನಂಬಬೇಕಲ್ಲ."