ನಾಯಿಗೆ ಒಡೆದ ಕಾಯಿ

ಸರ್ವಮಂಗಳಾ ಆಶಾ ಕಾರ್ಯಕರ್ತೆ. ನರಸಿಂಹರಾಜಪುರದ ಕಡೆ, ಕಾಡಿಗೆ ತಾಗಿದ ಊರು. ಗೌರವಧನ ಹೆಚ್ಚಿಸಿ ಎಂದು ಆಶಾಗಳು ಧರಣಿ ಕೂತಾಗಲೂ ಘೋಷಣೆ ಕೂಗಿದವಳಲ್ಲ. ಬುತ್ತಿ ಬಿಚ್ಚಿ ಪಕ್ಕದವರಿಗೆ ರೊಟ್ಟಿ ಕೊಟ್ಟು ಸುಮ್ಮನೆ ಕೂತವಳು. ಊರಲ್ಲಿ ಮಾತ್ರ ಬಾಯಿಗೆ ಬಿಡುವಿರಲಿಲ್ಲ. ಚಳಿಗಾಲ ಬಂತೆಂದರೆ ಮನೆಮನೆಗೆ ಮಂಗನ ಕಾಯಿಲೆಯ ಪಾಠ. ಸತ್ತ ಮಂಗದ ಮೈಯಿಂದ ಇಳಿದ ಉಣುಗು, ಅಂದರೆ ಉಣ್ಣೆಹುಳ, ಮನುಷ್ಯರಿಗೆ ಕಚ್ಚಿದರೆ ಜ್ವರ ಬರುತ್ತದೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಈ ಎಣ್ಣೆ ಹಚ್ಚಿ. ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ನನಗೆ ಹೇಳಿ.

ಎಣ್ಣೆ ಇಸಿದುಕೊಂಡು ದನಕ್ಕೆ ಹಚ್ಚುತ್ತಿದ್ದರು. ಮಂಗದ ಸುದ್ದಿ ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ಆರೋಗ್ಯ ಇಲಾಖೆಯವರು ಬಂದು ಉಣುಗು ಸಾಯುವ ಪುಡಿ ಎರಚುತ್ತಾರೆ, ಕಾಡಿಗೆ ಕಾಲಿಡಬೇಡಿ ಎನ್ನುತ್ತಾರೆ. ಕೊಟ್ಟಿಗೆಗೆ ಹಾಸಲು ತರಗೆಲೆ ಎಲ್ಲಿಂದ ತರುವುದು? ಮೇಲಾಗಿ ಸತ್ತದ್ದು ಹನುಮಂತ. ಅದನ್ನು ಸೀಮೆಎಣ್ಣೆ ಸುರಿದು ಸುಟ್ಟರೆ ಯಾರಿಗೆ ಸರಿಬರುತ್ತದೆ?

ಒಂದು ವರ್ಷ ಊರ ಹಿಂದೆ ಕಾಡಂಚಿನಲ್ಲಿ ಹೊಸ ಮಣ್ಣಿನ ದಿಬ್ಬ ಕಂಡಳು. ಮೇಲೆ ದಾಸವಾಳ, ಕುಂಕುಮ, ಒಡೆದ ಕಾಯಿ. ಊರಿನ ಹಿರಿಯ ರೇಣುಕಪ್ಪ ಎಮ್ಮೆ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದ.

“ಎಂತ ಹುಗಿದಿದ್ದು ದೊಡ್ಡಪ್ಪ ಇಲ್ಲಿ?”

“ನಾಯಿ ಕಣೇ. ನಮ್ಮ ಕರಿಯ ಸತ್ತೋಯ್ತು.”

“ನಾಯಿಗೆ ಯಾರು ಕಾಯಿ ಒಡೀತಾರೆ ಮಾರಾಯ್ರೆ?”

“ಒಳ್ಳೇ ನಾಯಿ ಅದು.”

ಅಷ್ಟರಲ್ಲಿ ಕರಿಯ ಎಮ್ಮೆಯ ಹಿಂದಿನಿಂದ ಬಾಲ ಅಲ್ಲಾಡಿಸುತ್ತ ಬಂತು.

“ಮಂಗನ್ನ ಎತ್ತಿದ್ದು ಯಾರು? ಅಷ್ಟು ಹೇಳಿ ಸಾಕು. ಅವರ ರಕ್ತ ನೋಡಿಸ್ಬೇಕು.”

“ಮನೆಗೋಗಿ ಗಂಡನ್ನ ಕೇಳು,” ಎಂದು ರೇಣುಕಪ್ಪ ಎಮ್ಮೆ ಹೊಡೆದ.

ಗಂಡ ಯೋಗೇಂದ್ರ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದ. “ಯಾರೂ ಮುಂದೆ ಬರ್ಲಿಲ್ಲ. ಹೆಗಲ ಮೇಲೆ ಹಾಕ್ಕೊಂಡು ಹೋದೆ. ಎಲ್ರೂ ಕೈ ಮುಗಿದ್ರು.”

“ದೂರ ನಿಂತು ಮುಗಿದಿರ್ತಾರೆ.”

“ಫೋನ್ ಮಾಡ್ಬೇಡ ಮಾರಾಯ್ತಿ. ಊರಲ್ಲಿ ಬಾಳಕ್ಕೆ ಬಿಡಲ್ಲ.”

ಅವನೆದುರೇ ಫೋನ್ ಮಾಡಿದಳು. ಅವನ ಹೆಸರನ್ನೂ ಹೇಳಿದಳು.

ಇಲಾಖೆಯವರು ಬಂದು ದಿಬ್ಬ ಅಗೆದರು, ಮಂಗವನ್ನು ಸುಟ್ಟರು. ಮುಂದಿನ ವಾರ ಯೋಗೇಂದ್ರನಿಗೆ ಜ್ವರ ಹಿಡಿಯಿತು. ಮೊದಲೇ ತಿಳಿದಿದ್ದರಿಂದ ಆಸ್ಪತ್ರೆಗೆ ತಡವಾಗಲಿಲ್ಲ. ಈ ಜ್ವರಕ್ಕೆಂದೇ ಮದ್ದಿಲ್ಲ. ಬೇಗ ಹೋದರೆ ಹೆಚ್ಚಿನವರು ಬದುಕುತ್ತಾರೆ. ಯೋಗೇಂದ್ರ ಆ ಹೆಚ್ಚಿನವರಲ್ಲಿ ಸೇರಲಿಲ್ಲ.

ಊರಿಗೆ ಕಾರಣ ಸಿಕ್ಕಿತು. ಹುಗಿದ ದೇವರನ್ನು ಅಗೆಸಿ ಸುಡಿಸಿದಳು, ಅದಕ್ಕೇ ಗಂಡ ಹೋದ. ಅವಳಿಗೆ ಕೇಳುವಂತೆಯೇ ಅಂದರು. ಗಂಡನ ತಿಥಿಯ ಶಿವಗಣಾರಾಧನೆ ಮುಗಿದ ಮೇಲೆ ಆಶಾ ಕೆಲಸದ ಗುಲಾಬಿ ಸೀರೆ ಉಟ್ಟು, ಎಣ್ಣೆ ಬಾಟಲಿಗಳ ಚೀಲ ಹಿಡಿದು ಹೊರಟಳು. ಪಾಠ ಮಾತ್ರ ಹೇಳಲಿಲ್ಲ. ಬಾಟಲಿ ಕೊಡುವುದು, ಮುಂದಿನ ಮನೆಗೆ ನಡೆಯುವುದು.

ರೇಣುಕಪ್ಪ ಬಾಟಲಿ ಇಸಿದುಕೊಂಡು, ಅವಳೆದುರೇ ಎಮ್ಮೆಯ ಕಾಲಿಗೆ ಸುರಿದು ತಿಕ್ಕಿದ.

“ಉಣುಗು ಕಚ್ಚೋದು ಇದಕ್ಕೆ. ನಮಗೆ ದೇವರಿದಾನೆ.”

ಅವನು ತಿಕ್ಕಿ ಮುಗಿಸುವವರೆಗೆ ಸರ್ವಮಂಗಳಾ ನಿಂತಳು. ಆಮೇಲೆ ಚೀಲದಿಂದ ಇನ್ನೊಂದು ಬಾಟಲಿ ತೆಗೆದಳು.

“ಅದು ಎಮ್ಮೆಗಾಯ್ತು. ಕಾಲು ನೀಡಿ ದೊಡ್ಡಪ್ಪ.”

ಅವನು ನೀಡಲಿಲ್ಲ. ಅವಳು ಕದಲಲಿಲ್ಲ. ಬೈಯಲಿ ಎಂದು ಅವನು ಕಾದ. ಅವಳು ಬೈಯಲೂ ಇಲ್ಲ. ಕೊನೆಗೆ ರೇಣುಕಪ್ಪ ಪಂಚೆಯನ್ನು ಮೊಣಕಾಲಿಗೆ ಎತ್ತಿದ. ಅವಳು ಕುಕ್ಕರಗಾಲಲ್ಲಿ ಕೂತು, ಗೋಡೆಗೆ ಸುಣ್ಣ ಬಳಿಯುವ ಹಾಗೆ ಹಚ್ಚಿದಳು.

“ಇನ್ನೊಂದು ಕಾಲು,” ಎಂದಳು.