ಟ್ರೆಬಲ್ ಹೋದ ದಿನಗಳು

ಮೊದಲು ಹೋದದ್ದು ತಾಳದ ಸದ್ದು.

ಇಂಡಿ ಊರಿನ ನನ್ನ ಕ್ಯಾಸೆಟ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಭಜನೆಯ ಟೇಪೊಂದನ್ನು ಕಾಪಿ ಮಾಡುತ್ತ ಕುಳಿತಿದ್ದೆ. ಹೆಡ್‌ಫೋನ್ ಕಿವಿಯ ಮೇಲಿತ್ತು. ಹಾರ್ಮೋನಿಯಂ ಇತ್ತು, ತಬಲಾ ಇತ್ತು, ಹಾಡುವವರ ದನಿಯೂ ಇತ್ತು. ತಾಳದ ಕಿಣಿಕಿಣಿ ಮಾತ್ರ ಇರಲಿಲ್ಲ. ಯಾರೋ ಹಾಡಿನ ಮೇಲೆ ಕಂಬಳಿ ಹೊದಿಸಿದ ಹಾಗಿತ್ತು.

ನಮ್ಮ ಕಸುಬಿನಲ್ಲಿ ಇದಕ್ಕೆ ಒಂದೇ ಅರ್ಥ: ಹೆಡ್ ಮೇಲೆ ಹೊಲಸು ಕೂತಿದೆ. ಟೇಪು ಉಜ್ಜಿಕೊಂಡು ಹೋಗುವ ಆ ಚಿಕ್ಕ ಲೋಹದ ತುಣುಕಿಗೆ ಕಂದು ಪುಡಿ ಮೆತ್ತಿಕೊಂಡರೆ ಮೊದಲು ಟ್ರೆಬಲ್ ಹೋಗುತ್ತದೆ, ಅಂದರೆ ಮೇಲಿನ ಸಣ್ಣ ಸದ್ದುಗಳು. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದರೆ ಮುಗಿಯಿತು. ಒರೆಸಿದೆ. ತಾಳ ಬರಲಿಲ್ಲ. ಮತ್ತೆ ಒರೆಸಿದೆ. ಟೇಪು ಮಾಡಿದವರನ್ನು ಬೈದೆ. ಬಿಜಾಪುರಕ್ಕೆ ಹೋಗಿ ಹೊಸ ಹೆಡ್ ತಂದು ಕೂರಿಸಿದೆ. ಹೆಡ್‌ಫೋನಿನ ವೈರು ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಹದಿನೈದು ದಿನ ಅಂಗಡಿಯಲ್ಲಿದ್ದ ಪ್ರತಿಯೊಂದು ಯಂತ್ರವನ್ನೂ ಅನುಮಾನಿಸಿದೆ. ನನ್ನ ಮೇಲೆ ಮಾತ್ರ ನನಗೆ ಪೂರ್ತಿ ಭರವಸೆ.

ಒಂದು ದಿನ ಹೆಂಡತಿ ಶಾಂತಾ ಊಟದ ಡಬ್ಬಿ ತಂದವಳು ಹತ್ತಿರ ಬಂದು ಭುಜ ಅಲುಗಿಸಿದಳು.

"ಏನ್ರೀ, ಆವಾಗಿಂದ ಬಾಗಲದಾಗ ನಿಂತು ಒದರಾಕತ್ತೇನಿ. ಕಿವಿ ಕೇಳಸ್ತಾವೋ ಇಲ್ಲೋ?"

"ಹೆಡ್‌ಫೋನ್ ಹಾಕ್ಕೊಂಡಿದ್ನೆಲ್ಲ."

ಅವಳು ಹೆಡ್‌ಫೋನಿನ ಕಡೆ ನೋಡಿದಳು. ಅದು ಮೇಜಿನ ಮೇಲಿತ್ತು.

ಆಮೇಲೆ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ. ಅವಳು ಹೋದ ಮೇಲೆ, ಹೆಡ್ ಒರೆಸುವ ಅದೇ ಹತ್ತಿ ಕಡ್ಡಿ ತೆಗೆದುಕೊಂಡು ಕಿವಿಗೆ ಹಾಕಿದೆ. ಯಂತ್ರಕ್ಕೆ ನಡೆಯುವ ಉಪಾಯ ಮನುಷ್ಯನಿಗೇಕೆ ನಡೆಯಬಾರದು? ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಇದೇ ಪೂಜೆ. ಬಲಗಿವಿ, ಎಡಗಿವಿ. ತುದಿಗೆ ಒಂದಿಷ್ಟು ಹಳದಿ ಗುಗ್ಗೆ ಬಂದರೆ ಏನೋ ಗೆದ್ದ ಖುಷಿ. ಐದನೆಯ ದಿನ ಇನ್ನಷ್ಟು ಒಳಗೆ ತಳ್ಳಿದೆ. ಎಡಗಿವಿಯಲ್ಲಿ ಚುರ್ರೆಂದಿತು. ಕಡ್ಡಿಯ ತುದಿ ಕೆಂಪಾಗಿತ್ತು.

ಸಂಜೆಯ ಹೊತ್ತಿಗೆ ಎಡಗಿವಿ ಪೂರ್ತಿ ಮುಚ್ಚಿಕೊಂಡಿತು.

ಅದರ ಮರುದಿನ, ಮಂಗಳವಾರ, ಸಾಲೋಟಗಿಯಿಂದ ಗುರಪ್ಪ ಮಾಸ್ತರರು ಅಂಗಡಿಗೆ ಬಂದರು. ನನಗೆ ಅಕ್ಷರವನ್ನೂ ತಾಳವನ್ನೂ ಕಲಿಸಿದವರು ಅವರೇ. ಅವರ ಭಜನೆಗೆ ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದಲೂ ಕರೆ ಬರುತ್ತಿತ್ತು. ಎಷ್ಟು ಸಲ ಕೇಳಿದರೂ ರೆಕಾರ್ಡಿಂಗಿಗೆ ಮಾತ್ರ ಒಪ್ಪಿರಲಿಲ್ಲ. ಎದುರಿಗೆ ಜನರಿಲ್ಲದೆ ಹಾಡುವುದು ಗೋಡೆಗೆ ಊಟ ಬಡಿಸಿದಂತೆ ಎನ್ನುತ್ತಿದ್ದರು. ಈಗ ತಾವಾಗಿ ಬಂದು ಸ್ಟೂಲಿನ ಮೇಲೆ ಕುಳಿತಿದ್ದರು. ನಾನು ಬಲಗಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ.

"ಗಂಟಲಾಗ ಗಂಟ ಆಗೇತಿ ತಮ್ಮಾ. ಬರೂ ಸೋಮವಾರ ಸೊಲ್ಲಾಪುರದಾಗ ಆಪರೇಷನ್. ಆಮ್ಯಾಲ ಹಾಡಾಕ ಆಗೂದಿಲ್ಲಂತ. ಮಾತಿಂದೂ ಗ್ಯಾರಂಟಿ ಇಲ್ಲಂತ. ಶನಿವಾರ ಬರ್ತೇನಿ. ಒಂದ್ ಭಜನಿ ಪದ ಟೇಪಿನಾಗ ಹಿಡದಿಡು."

ಬುಧವಾರ ಬೆಳಿಗ್ಗೆಯೇ ಬಿಜಾಪುರದ ಇ.ಎನ್.ಟಿ. ಡಾಕ್ಟರ ಮುಂದೆ ಕುಳಿತೆ. ಅವರು ಹೇಳಿದ್ದನ್ನು ನನ್ನ ಬಲಗಿವಿಗೆ ಮುಟ್ಟಿಸುವ ಕೆಲಸ ಶಾಂತಾಳದ್ದು. ಡಾಕ್ಟರು ಲೈಟ್ ಹಾಕಿ ಎರಡೂ ಕಿವಿ ನೋಡಿದರು. ಏನು ಹಾಕುತ್ತಿದ್ದೆ ಎಂದು ಕೇಳಿದರು. ಹೆಡ್ ಒರೆಸುವ ಕಥೆಯನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಶಾಂತಾ ನಕ್ಕಳು.

"ಕಿವಿ ಮ್ಯಾಲ ದಿನಾ ಹೆಡ್‌ಫೋನ್ ಕುಂತ್ರ ಗುಗ್ಗಿ ಕೂಡತೈತಿ. ತಾನಾಗೇ ಹೊರಗ ಬರೂ ಅದನ್ನ ನೀವು ಒಳಗ ತುಂಬೀರಿ" ಎಂದರು ಡಾಕ್ಟರು. "ವ್ಯಾಕ್ಸ್ ಗಟ್ಟಿಯಾಗಿ ಎರಡೂ ಕಡೆ ಕುಂತೈತಿ. ಎಡಕ್ಕ ಗಾಯ ಬ್ಯಾರೆ ಆಗೇತಿ. ಅದು ಮಾಯೂ ತನಕ ಸಿರಿಂಜಿಲೆ ನೀರ ಬಿಟ್ಟು ತೊಳ್ಯಾಕ ಬರೂದಿಲ್ಲ. ಡ್ರಾಪ್ಸ್ ಬರದೇನಿ. ಹತ್ತ ದಿನ ಬಿಟ್ಟು ಬರ್ರಿ."

"ಶನಿವಾರದೊಳಗ ಆಗಬೇಕ್ರಿ."

"ಆಗೂದಿಲ್ರಿ. ಇನ್ನೊಂದ್ ಮಾತು. ಡ್ರಾಪ್ಸ್ ಬಿಟ್ಟ ಮ್ಯಾಲ ಗುಗ್ಗಿ ನೆನದು ಉಬ್ಬತೈತಿ. ಸ್ವಲ್ಪ ದಿನ ಇನ್ನೂ ಕಮ್ಮಿ ಕೇಳಸತೈತಿ. ಅಂಜಬ್ಯಾಡ್ರಿ."

ಅಂಜಿದೆ.

ಆ ದಿನಗಳು ನನ್ನಲ್ಲಿ ಕನಸಿನ ಹಾಗೆ ಉಳಿದುಕೊಂಡಿವೆ. ಶಾಂತಾ ದಿನಕ್ಕೆ ಮೂರು ಸಲ ನನ್ನನ್ನು ಮಗ್ಗುಲಾಗಿ ಮಲಗಿಸಿ ಡ್ರಾಪ್ಸ್ ಹಾಕುತ್ತಿದ್ದಳು. ತಣ್ಣಗಿದ್ದರೆ ತಲೆ ತಿರುಗುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಬಾಟಲಿಯನ್ನು ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು. ಹನಿ ಇಳಿಯುವಾಗ ಗುಳುಗುಳು. ಆಮೇಲೆ ಏನೂ ಇಲ್ಲ. ಕಿಟಕಿಯಲ್ಲಿ ಬೇವಿನ ಮರ ತೂಗುತ್ತಿತ್ತು, ಗಾಳಿಗೆ ಸದ್ದಿರಲಿಲ್ಲ. ಗುರುವಾರ ಸಂಜೆಗೆ ಬಲಗಿವಿಯೂ ಮುಚ್ಚಿತು, ಊರು ಎಲ್ಲೋ ದೂರಕ್ಕೆ ಸರಿದು ನಿಂತಿತು. ಬಸ್ ಸ್ಟ್ಯಾಂಡಿಗೆ ಹೋದರೆ ಸಿಂದಗಿಯ ಬಸ್ಸು ತೇಲಿಕೊಂಡು ಬಂದು ತೇಲಿಕೊಂಡು ಹೋಗುತ್ತಿತ್ತು. ಕಂಡಕ್ಟರನ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಹೊರಗಿನದು ಹೋದಷ್ಟೂ ಒಳಗಿನದು ಹೆಚ್ಚಾಯಿತು. ಖಡಕ್ ರೊಟ್ಟಿ ಕಡಿದರೆ ತಲೆಯೊಳಗೆ ಕಟ್ಟಿಗೆ ಮುರಿದ ಸದ್ದು. ನೀರು ನುಂಗಿದ್ದು ಕೇಳುತ್ತಿತ್ತು, ಎದೆ ಬಡಿದದ್ದು ಕೇಳುತ್ತಿತ್ತು, ಮಲಗಿದರೆ ನನ್ನ ಉಸಿರೇ ಯಾರೋ ಪಕ್ಕದ ಕೋಣೆಯಲ್ಲಿ ಓಡಾಡಿದಂತೆ ಬಂದು ಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ಹಿತವಾಗಿಯೇ ಇತ್ತು. ಇಷ್ಟು ವರ್ಷ ಬೇರೆಯವರ ಹಾಡು ತುಂಬಿಕೊಂಡ ತಲೆಗೆ ರಜೆ ಸಿಕ್ಕಿತ್ತು. ಶನಿವಾರ ನೆನಪಾದಾಗ ಮಾತ್ರ ಎದ್ದು ಕುಳಿತು ಕಿವಿಯ ಹತ್ತಿರ ಚಿಟಿಕೆ ಹೊಡೆದು ನೋಡುತ್ತಿದ್ದೆ.

ಶುಕ್ರವಾರ ಶಾಂತಾಳ ತಲೆಗೆ ಹೆಡ್‌ಫೋನ್ ಹಾಕಿದೆ.

"ನನಗೇನ್ ತಿಳಿತೈತ್ರಿ ಇದರಾಗ?" ಎಂದಳು. ತುಟಿ ನೋಡಿ ತಿಳಿದುಕೊಂಡೆ.

ತಿಳಿಯುವಂಥದ್ದು ಏನೂ ಇಲ್ಲ, ಕೇಳಿದ್ದನ್ನು ಹೇಳಿದರೆ ಸಾಕು ಎಂದೆ. ಜೋರಾಗಿಯೇ ಹೇಳಿದ್ದಿರಬೇಕು, ಕಿವಿ ಮುಚ್ಚಿಕೊಂಡಳು. ಕೈಸನ್ನೆ ಗೊತ್ತು ಮಾಡಿಕೊಂಡೆವು. ಕೈ ಮೇಲೆತ್ತಿದರೆ ದನಿ ಏರಿಸಬೇಕು, ಕೆಳಗಿಳಿಸಿದರೆ ಇಳಿಸಬೇಕು, ಮುಷ್ಟಿ ಹಿಡಿದರೆ ಸರಿಯಾಗಿದೆ. ನಾನು ಟೇಪ್ ಡೆಕ್ಕಿನಲ್ಲಿ ದನಿಯ ಮಟ್ಟ ತೋರಿಸುವ ಮೀಟರಿನ ಸೂಜಿ ನೋಡಿಕೊಂಡಿರುತ್ತೇನೆ.

ಶನಿವಾರ ಮಧ್ಯಾಹ್ನ ಮಾಸ್ತರರು ಮಗಳ ಜೊತೆ ಬಂದರು. ಕೈಯಲ್ಲಿ ತಾಳ ಮಾತ್ರ. ಶಾಂತಾ ಹೆಡ್‌ಫೋನ್ ಹಾಕಿಕೊಂಡು ಕೋಣೆಯ ಸದ್ದನ್ನು ಕೇಳಿಸಿಕೊಂಡಳು. ಆಮೇಲೆ ಎದ್ದು ಫ್ಯಾನ್ ಬಂದ್ ಮಾಡಿದಳು. ಗೋಡೆ ಗಡಿಯಾರ ಇಳಿಸಿ ಒಳಗಿಟ್ಟಳು. ತನ್ನ ಬಳೆಗಳನ್ನು ತೆಗೆದಳು. ಎಂಟು ವರ್ಷ ಆ ಕೋಣೆಯಲ್ಲಿ ರೆಕಾರ್ಡ್ ಮಾಡಿದ ನನಗೆ ಗಡಿಯಾರದ ನೆನಪೇ ಬಂದಿರಲಿಲ್ಲ.

ಮಾಸ್ತರರು ಹಾಡಿದರು. ನಾನು ನೋಡಿದೆ. ಅವರ ಕುತ್ತಿಗೆಯ ನರ ಏಳುವುದನ್ನು, ಕಣ್ಣು ಮುಚ್ಚುವುದನ್ನು, ತಾಳ ಕೂಡಿ ಬಿಡುವುದನ್ನು ನೋಡಿದೆ. ಸೂಜಿ ಏಳುತ್ತಿತ್ತು, ಬೀಳುತ್ತಿತ್ತು. ಶಾಂತಾಳ ಮುಷ್ಟಿ ಹಾಗೆಯೇ ಇತ್ತು. ನಡುವೆ ಅವಳ ಕಣ್ಣಲ್ಲಿ ನೀರು ಕಂಡಿತು. ದನಿ ಹೆಚ್ಚಾಗಿ ಕಿವಿ ನೋಯುತ್ತಿದೆ ಎಂದುಕೊಂಡು ಗಡಬಡಿಸಿ ಇಳಿಸಿದೆ. ಅವಳು ನನ್ನ ಕೈಗೆ ಪಟ್ಟನೆ ಹೊಡೆದು ಮತ್ತೆ ಏರಿಸಿದಳು. ಆಗ ತಿಳಿಯಿತು, ಹಾಡಿಗೆ ಅಳುತ್ತಿದ್ದಾಳೆ. ಐದು ಮೊಳ ದೂರದಲ್ಲಿ ಕುಳಿತು ನನ್ನ ಗುರುವಿನ ಕೊನೆಯ ಪದ ನನಗೊಬ್ಬನಿಗೇ ಕೇಳಲಿಲ್ಲ. ಅಷ್ಟು ಸಿಟ್ಟು ನನ್ನ ಮೇಲೆ ನನಗೆ ಯಾವತ್ತೂ ಬಂದಿಲ್ಲ.

ಹತ್ತು ದಿನ ಕಳೆದು ಮತ್ತೆ ಬಿಜಾಪುರ. ಗಾಯ ಮಾಯ್ದಿತ್ತು. ಡಾಕ್ಟರು ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ತುಂಬಿ ಮೆಲ್ಲಗೆ ಬಿಟ್ಟರು. ತಲೆಯೊಳಗೆ ಕಾಲುವೆ ಹರಿಯಿತು. ಹುಣಸೆ ಬೀಜದಷ್ಟು ದೊಡ್ಡ ಗುಗ್ಗೆ ಬಟ್ಟಲಿಗೆ ಬಿತ್ತು.

ಕಾಗದ ಸರಿದ ಸದ್ದು.

ಡಾಕ್ಟರು ಚೀಟಿ ಹರಿದಿದ್ದರು, ಅಷ್ಟೇ. ನನಗೆ ಜೀವ ಝಲ್ಲೆಂದಿತು. ಪೆನ್ನು ಗೀಚುವುದು, ಶಾಂತಾಳ ಸೀರೆ ಸರಸರ ಎನ್ನುವುದು, ಹೊರಗೆ ಯಾರೋ ಚಪ್ಪಲಿ ಎಳೆದುಕೊಂಡು ನಡೆಯುವುದು, ಎಲ್ಲ ಒಮ್ಮೆಲೇ ನುಗ್ಗಿ ಬಂದವು. ಡಾಕ್ಟರು ಹೇಳಿದ್ದನ್ನು ಈ ಸಲ ನಾನೇ ಕೇಳಿಸಿಕೊಂಡೆ. ಕಿವಿಯ ಹೊರಗಷ್ಟೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಒಳಗೆ ಕಡ್ಡಿ, ಪಿನ್ನು, ಕಾಯಿಸಿದ ಎಣ್ಣೆ, ಏನೂ ಹೋಗಕೂಡದು. ಗುಗ್ಗೆ ಹೊಲಸಲ್ಲ, ಕಿವಿಯ ಕಾವಲು. ಹೆಡ್‌ಫೋನಿನ ಸ್ಪಂಜನ್ನು ಆಗಾಗ ಒರೆಸಿ ಒಣಗಿಸಬೇಕು, ತಾಸಿಗೊಮ್ಮೆ ತೆಗೆದು ಕಿವಿಗೆ ಗಾಳಿ ಆಡಿಸಬೇಕು. ಮತ್ತೆ ಮುಚ್ಚಿದಂತಾದರೆ ಯಂತ್ರ ಬಿಚ್ಚದೆ ನೇರವಾಗಿ ಬರಬೇಕು. ಕೊನೆಯ ಮಾತಿಗೆ ಅವರೂ ನಕ್ಕರು.

ಅಂದು ಸಂಜೆ ಅಂಗಡಿಗೆ ಹೋಗಿ ಶನಿವಾರದ ಟೇಪು ಹಾಕಿದೆ. ತಾಳ ಇತ್ತು. ಒಂದೊಂದು ಪೆಟ್ಟೂ ಹೊಳೆಯುತ್ತಿತ್ತು. ಎರಡನೆಯ ನುಡಿಯಲ್ಲಿ ದನಿ ಒಂದು ಕ್ಷಣ ಕುಗ್ಗಿ ಮತ್ತೆ ಎದ್ದಿತು; ಅದು ನನ್ನ ಗಡಬಡಿ. ಉಳಿದದ್ದೆಲ್ಲ ಶಾಂತಾಳ ಕಿವಿ. ಅಷ್ಟು ಶುದ್ಧವಾಗಿ ನಾನು ಎಂದೂ ಹಿಡಿದಿರಲಿಲ್ಲ. ಪದ ಮುಗಿಯಿತು. ಟೇಪು ಓಡುತ್ತಲೇ ಇತ್ತು.

"ತಮ್ಮಾ" ಎಂದರು ಮಾಸ್ತರರು ಟೇಪಿನೊಳಗಿಂದ. "ಇದೆಲ್ಲಾ ಮುಗದ ಮ್ಯಾಲ ನನ್ನ ದನಿ ತಿರುಗಿ ಬರತೈತಿ ಅಂತೀಯೇನು?"

ಅದರ ಬೆನ್ನಿಗೇ ನನ್ನ ದನಿ, ಮೀಟರಿನ ಸೂಜಿ ಮುರಿಯುವ ಹಾಗೆ: "ಬಂದೈತ್ರಿ ಮಾಸ್ತರ! ಪೂರಾ ಬಂದೈತಿ!"

ಅವರ ತುಟಿ ನೋಡಿ, ರೆಕಾರ್ಡಿಂಗ್ ಹೇಗೆ ಬಂತು ಎಂದು ಕೇಳುತ್ತಿದ್ದಾರೆ ಎಂದುಕೊಂಡಿದ್ದೆ ನಾನು. ಟೇಪಿನಲ್ಲಿ ಆಮೇಲೆ ಮಾಸ್ತರರ ನಗು. ಹೊಟ್ಟೆಯಿಂದ ಬಂದ ನಗು. ಅಲ್ಲಿಗೆ ಶಾಂತಾ ಬಂದ್ ಮಾಡಿದ್ದಳು.

ಮನೆಗೆ ಬಂದವನೇ ಅವಳನ್ನು ಕೇಳಿದೆ, ನಾನು ತಪ್ಪು ಉತ್ತರ ಕೊಟ್ಟದ್ದನ್ನು ಅಂದೇ ಯಾಕೆ ಹೇಳಲಿಲ್ಲ ಎಂದು.

"ಏನಂತ ಹೇಳ್ಲಿ? ಗಂಟ ಆಗೇತಂತ ತಿಳದಾಗಿಂದ ಅವ್ರು ನಕ್ಕಿದ್ದಿಲ್ಲಂತ. ಅವರ ಮಗಳ ಹೇಳಿದ್ಲು."

ಮಾಸ್ತರರು ಬದುಕಿ ಬಂದರು. ಎರಡು ತಿಂಗಳಾದ ಮೇಲೆ ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿಕೊಂಡು ಅಂಗಡಿಗೆ ಬಂದು ಅದೇ ಸ್ಟೂಲಿನ ಮೇಲೆ ಕುಳಿತರು. ಸ್ಪಂಜು ಒರೆಸಿ ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದೆ. ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಾಡಿಸುತ್ತ ಕೊನೆಯವರೆಗೂ ಕೇಳಿದರು. ನನ್ನ ಒದರಾಟ ಬರುವ ಜಾಗ ನನಗೆ ಬಾಯಿಪಾಠವಾಗಿತ್ತು. ಅಲ್ಲಿ ಅವರ ಬೆರಳು ನಿಂತಿತು.

ಹೆಡ್‌ಫೋನ್ ತೆಗೆದ ಮೇಲೆ ತಲೆ ತಗ್ಗಿಸಿ ಕೇಳಿದೆ: "ಕಡೀ ಮಾತು ಅಳಸಿ ಕೊಡ್ಲೇನ್ರಿ?"

ಅವರು ತುಟಿ ಅಲುಗಿಸಿದರು. ದನಿಯಲ್ಲ, ಬರೀ ಉಸಿರು.

"ಇರ್ಲಿ."

ನನಗೆ ಕೇಳಿಸಿತು.